ವಶದಲ್ಲಿರುವ ರೋಗಾಣು

ಬೆಳ್ತಂಗಡಿಯ ಕೆಚ್ಚಲು ಸ್ವಾಸ್ಥ್ಯ ಅಭಿಯಾನ ಕಚೇರಿಯ ವ್ಯಾಪ್ತಿಗೊಳಪಟ್ಟ ಯಾವುದೇ ಹಸುವಿನ ಕೆಚ್ಚಲಿನಲ್ಲಿ ರೋಗಾಣುಗಳು ವಾಸವಾಗಿಲ್ಲವೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಯಿತು. ಈ ಪ್ರಕಟಣೆ ಹೊರಬಿದ್ದ ಬೆಳಿಗ್ಗೆಯೇ ಕಕ್ಕಿಂಜೆಯ ಪೂವಮ್ಮನನ್ನು ಅವಳ ಹಸು ಬೊಳ್ಳಿ ಒದ್ದಿತು. ಐದು ವರ್ಷಗಳಲ್ಲಿ ಅದು ಒಮ್ಮೆಯೂ ಕಾಲೆತ್ತಿರಲಿಲ್ಲ. ಪೂವಮ್ಮ ಬಗ್ಗಿ ನೋಡಿದಳು: ಕೆಚ್ಚಲಿನ ಬಲಭಾಗ ಕೆಂಪಗೆ ಊದಿ ಕಲ್ಲಾಗಿತ್ತು. ಹಿಂಡಿದರೆ ಒಡೆದ ಹಾಲು.

ಪಶುವೈದ್ಯೆ ಜಸೀಲಾ ಬಂದು ನೋವಿಗೆ ಸೂಜಿ ಕೊಟ್ಟಳು. "ಕೆಚ್ಚಲು ಬಾವು, ಪೂವಮ್ಮಕ್ಕ. ಗಟ್ಟಿ ಮದ್ದು ಅಭಿಯಾನದ ಆಫೀಸಿನಲ್ಲಿ ಮಾತ್ರ ಉಂಟು. ಬೇಗ ಅರ್ಜಿ ಹಾಕಿ."

'ನನ್ನ ಹಸುವಿನ ಬಾವಿಗೆ ಮದ್ದು ಬೇಕು' ಎಂದು ಪೂವಮ್ಮ ಬರೆದುಕೊಟ್ಟಳು. ಕಚೇರಿಯು ಅರ್ಜಿಯನ್ನು ಕುಡಿಯುವ ನೀರಿನ ವಿಭಾಗಕ್ಕೆ ವರ್ಗಾಯಿಸಿತು. ಒಂಬತ್ತನೆಯ ದಿನ ಎರಡು ಪೊಟ್ಟಣ ಬ್ಲೀಚಿಂಗ್ ಪೌಡರ್ ಬಂತು. ಬಾವಿಗೆ ಸುರಿದ ಬಳಿಕ ಒಂದು ದಿನ ನೀರು ಸೇದತಕ್ಕದ್ದಲ್ಲ ಎಂಬ ಸೂಚನೆಯೂ ಇತ್ತು.

ಪೂವಮ್ಮ ಬಸ್ಸು ಹತ್ತಿ ಕಚೇರಿಗೇ ಹೋದಳು. ಅಭಿಯಾನಾಧಿಕಾರಿ ಶೀನಪ್ಪ ಸೌಜನ್ಯದಿಂದ ಕುರ್ಚಿ ತೋರಿಸಿದರು.

"ಅಭಿಯಾನದಲ್ಲಿ ನಿಮ್ಮ ಹಸುವಿನ ಹಾಲಿನ ಪರೀಕ್ಷೆಯೂ ಆಗಿದೆಯಮ್ಮ. ರೋಗಾಣು ಕಾಣಲಿಲ್ಲ."

"ಅದು ಅಡಗಿ ಕೂತಿರ್ತದಂತೆ ಸಾರ್, ಡಾಕ್ಟ್ರು ಹೇಳಿದ್ದಾರೆ."

"ನಿಯಮ ಏಳು ನೋಡಿ. ರೋಗಾಣುಗಳು ಪರೀಕ್ಷೆಯ ದಿನ ಖುದ್ದು ಹಾಜರಿರತಕ್ಕದ್ದು. ಗೈರುಹಾಜರಾದವುಗಳನ್ನು ಪರಿಗಣಿಸಲಾಗದು."

ಜಸೀಲಾ ಹಟ ಬಿಡಲಿಲ್ಲ. ಮೂರು ಸಲ ಹಾಲು ತೆಗೆದು ತಾನೇ ಪರೀಕ್ಷಿಸಿದಳು. ಮೂರನೆಯ ಸಲ ಸೂಕ್ಷ್ಮದರ್ಶಕಕ್ಕೆ ಪೂವಮ್ಮನ ಕಣ್ಣನ್ನೂ ಹಚ್ಚಿಸಿದಳು. "ದೊಡ್ಡದು ಬಿಳಿ ರಕ್ತಕಣ, ಮೈಯ ಕಾವಲುಗಾರ. ಈ ರೋಗಾಣು ಲೋಳೆ ಹೊದ್ದು ಅದರ ಕಣ್ಣು ತಪ್ಪಿಸ್ತದೆ. ನುಂಗಿದರೂ ಸಾಯುವುದಿಲ್ಲ. ನೋಡಿ, ಅದರ ಹೊಟ್ಟೆಯೊಳಗೇ ಹಾಯಾಗಿ ಸಂಸಾರ ಹೂಡಿದೆ."

"ಕಳ್ಳ ಠಾಣೆಯಲ್ಲೇ ಬಾಡಿಗೆಗೆ ಇದ್ದ ಹಾಗಾಯ್ತಲ್ಲ ಮಾರಾಯ್ತಿ!" ಎಂದಳು ಪೂವಮ್ಮ. ರೋಗಾಣು ಕೊನೆಗೂ ಸಿಕ್ಕಿತು, ಇನ್ನಾದರೂ ಬೊಳ್ಳಿ ಉಳಿದೀತೆಂದು ಅವಳಿಗೆ ಅಳು ಬಂತು.

ಇಬ್ಬರೂ ವರದಿ ಹಿಡಿದು ಶೀನಪ್ಪನವರೆದುರು ನಿಂತರು. ಅವರು ಅದನ್ನು ಎರಡು ಸಲ ಓದಿ ಸಂತೋಷಗೊಂಡರು.

"ರೋಗಾಣು ಬಿಳಿ ರಕ್ತಕಣದ ಒಳಗೆ ಉಂಟು ಅಂತ ನೀವೇ ಬರೆದಿದ್ದೀರಿ. ಅಂದರೆ ಅದು ಈಗಾಗಲೇ ವಶದಲ್ಲಿದೆ. ವಶದಲ್ಲಿರುವವರನ್ನು ಎರಡನೇ ಸಲ ಹಿಡಿಯಲು ನಮಗೆ ಅಧಿಕಾರ ಇಲ್ಲ."

"ಅದು ಅಲ್ಲಿ ಬದುಕಿದೆ ಸಾರ್," ಎಂದಳು ಜಸೀಲಾ.

"ವಶದಲ್ಲಿರುವವರನ್ನು ಕೊಲ್ಲುವುದು ತಪ್ಪಲ್ಲವಾ ಡಾಕ್ಟ್ರೇ?"

ಜಸೀಲಾ ಮಂಗಳೂರಿನಿಂದ ಮದ್ದು ತರಿಸಿದಳು. ತಡವಾಗಿತ್ತು. ಬೊಳ್ಳಿಯ ಜೀವ ಉಳಿಯಿತು, ಬಲಗಡೆಯ ಒಂದು ತೊಟ್ಟು ಬತ್ತಿಹೋಯಿತು. ಅದೇ ತಿಂಗಳು, ರೋಗಾಣುವನ್ನು ಸ್ವಂತ ಬಲದಿಂದ ಬಂಧಿಸಿದ ತಾಲೂಕಿನ ಮೊದಲ ಹಸುವೆಂದು ಕಚೇರಿ ಬೊಳ್ಳಿಗೆ ಶಾಲು ಹೊದಿಸಿತು. ಮುಂದಿನ ಸಾಲಿನ 'ಆದರ್ಶ ಹಸು' ಫಲಕದಲ್ಲಿ ಅದರ ಹೆಸರು ಹಾಕಬೇಕಾದರೆ ತೊಟ್ಟುಗಳ ಸಂಖ್ಯೆ ಬೇಕಿತ್ತು.

"ಮೂರು," ಎಂದಳು ಪೂವಮ್ಮ.

ಶೀನಪ್ಪ ಬರೆದುಕೊಂಡರು. ಮಾರನೆಯ ವಾರ ಸುತ್ತೋಲೆ ಬಂತು: ಆದರ್ಶ ಹಸುವಿಗೆ ಮೂರು ತೊಟ್ಟುಗಳಿರತಕ್ಕದ್ದು. ನಾಲ್ಕಿರುವ ಹಸುಗಳ ಮಾಲೀಕರು ಕಾರಣ ತಿಳಿಸತಕ್ಕದ್ದು. ಕಚೇರಿಯ ಮುಂದೆ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬಂತು. ಹಲವರ ಕೈಯಲ್ಲಿ ಕ್ಷಮಾಪಣೆ ಪತ್ರವಿತ್ತು. ಸ್ಪಷ್ಟ ಕೈಬರಹದ ಪೂವಮ್ಮ ಬಾಗಿಲ ಬಳಿ ಕೂತು ಉಳಿದವರದ್ದನ್ನು ಬರೆದುಕೊಡುತ್ತಿದ್ದಳು.