ಗಂಗಮ್ಮ ಕೊಟ್ಟ ಬಾಳೆಹಣ್ಣು

ಕಾಯಿಲೆಗಳಿಗೆ ಈಗ ಮೊದಲಿನ ಮರ್ಯಾದೆ ಉಳಿದಿಲ್ಲ. ಮೊದಲೆಲ್ಲ ಒಬ್ಬರಿಗೆ ಆಪರೇಷನ್ ಅಂದರೆ ಕೇರಿಗೆ ಕೇರಿಯೇ ದನಿ ತಗ್ಗಿಸಿ ಮಾತಾಡುತ್ತಿತ್ತು. ಒಂದು ವಾರ ಮೊದಲೇ ನೆಂಟರು ಬಂದು ಇಳಿಯುತ್ತಿದ್ದರು. ಆಪರೇಷನ್ ಮಾಡಿಸಿಕೊಂಡವನು ಆಮೇಲೆ ಹತ್ತು ವರ್ಷ ಅದೇ ಹೆಸರಿನಲ್ಲಿ ಮೆತ್ತನೆ ಅನ್ನ ತಿನ್ನಬಹುದಿತ್ತು, ಕಷ್ಟದ ಕೆಲಸ ತಪ್ಪಿಸಿಕೊಳ್ಳಬಹುದಿತ್ತು. ಈಗ ನೋಡಿ, "ಬೆಳಿಗ್ಗೆ ಏಳಕ್ಕೆ ಬರ್ರಿ, ಸಂಜೆ ಮನೆಗೆ ಹೋಗ್ರಿ" ಅಂತಾರೆ. ಕಟಿಂಗ್ ಶಾಪಿನವನಾದರೂ ಇನ್ನೂ ಸ್ವಲ್ಪ ಹೊತ್ತು ಕುಂತ್ಕಳ್ರಿ ಸಾರ್ ಅನ್ನುತ್ತಾನೆ. ಹೋದ ತಿಂಗಳು ನನಗೆ ಹರ್ನಿಯಾ ಆಪರೇಷನ್ ಆಯಿತು. ಆಯಿತು ಅಂತ ನಾನು ಹೇಳುತ್ತೇನೆ, ಕೇಳಿದವರು ನಂಬದವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಈ ಕಾಯಿಲೆ ನನಗೆ ಬರಬಾರದಿತ್ತು. ನಾನು ಹಿರಿಯೂರಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು. "ಹೊಟ್ಟೆ ಒಳಗೆ, ಎದೆ ಮುಂದೆ" ಅಂತ ಸೀಟಿ ಊದಿ ಊದಿ ಎಷ್ಟೋ ಮಕ್ಕಳ ಹೊಟ್ಟೆ ಒಳಗೆ ತಳ್ಳಿದ್ದೇನೆ. ರಿಟೈರಾಗಿ ದುರ್ಗಕ್ಕೆ ಬಂದು ಮನೆ ಮಾಡಿದ ಮೇಲೆ ನನ್ನದೇ ಹೊಟ್ಟೆಯ ಒಂದು ತುಂಡು ಹೊರಗೆ ಇಣುಕಿತು. ಕಾರಣ ಒರಳುಕಲ್ಲು. ಹಿತ್ತಲಲ್ಲಿ ಬಿದ್ದಿದ್ದ ಒರಳನ್ನು ಜರುಗಿಸಲು ಇಬ್ಬರು ಆಳುಗಳಿಗೆ ಹೇಳಿದೀನಿ ಅಂತ ನನ್ನ ಹೆಂಡತಿ ಗಿರಿಜ ಅಂದಳು. "ಇಬ್ಬರು ಯಾಕೆ, ನಾನು ಸತ್ತಿದೀನಾ?" ಅಂದೆ. ಸತ್ತಿರಲಿಲ್ಲ. ಕಲ್ಲು ಒಂದು ಗೇಣು ಮೇಲಕ್ಕೂ ಬಂತು. ಆಮೇಲೆ ನಾನೇ ಅದರ ಪಕ್ಕದಲ್ಲಿ ಕುಂತೆ. ಕಲ್ಲು ಇವತ್ತಿಗೂ ಅಲ್ಲೇ ಐತೆ.

ಆಪರೇಷನ್ ಅಂತ ಗೊತ್ತಾದ ಕೂಡಲೇ ನನಗೆ ಭಯಕ್ಕಿಂತ ಮೊದಲು ನೆನಪಾದದ್ದು ಅಪ್ಪ. ಅಪ್ಪನಿಗೂ ಇದೇ ಕಾಯಿಲೆ, ಇದೇ ದುರ್ಗದಲ್ಲೇ ಆಪರೇಷನ್. ಆಗ ನನಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ಹೊಸದುರ್ಗದ ಕಡೆಯ ನಮ್ಮೂರಿನಿಂದ ಇಡೀ ಸಂಸಾರವೇ ಬಸ್ಸು ಹತ್ತಿತ್ತು. ಎರಡು ಚಾಪೆ, ರಾಗಿಹಿಟ್ಟಿನ ಡಬ್ಬ, ಮುದ್ದೆ ಕೋಲು, ಒಣಮೆಣಸಿನಕಾಯಿ ಗಂಟು, ಉಪ್ಪಿನಕಾಯಿ ಜಾಡಿ. ಆಸ್ಪತ್ರೆ ಹಿಂದೆ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅಕ್ಕ ಅಡಿಗೆ ಮಾಡುತ್ತಿದ್ದಳು. ಪಕ್ಕದ ಒಲೆ ಹೊಳಲ್ಕೆರೆಯವರದು, ಅದರಾಚೆ ಧರ್ಮಪುರದವರದು. ಧರ್ಮಪುರದವರು ತೆಲುಗು ಬೆರೆಸಿದ ಕನ್ನಡದಲ್ಲಿ ಮಾತಾಡುತ್ತಾ ನನ್ನ ಕೈತುಂಬ ಹುರಿದ ಶೇಂಗಾ ಹಾಕುತ್ತಿದ್ದರು. ಹನ್ನೆರಡು ದಿನ ಸ್ಕೂಲಿಲ್ಲ. ಅಪ್ಪ ಒಳಗೆ ನರಳುತ್ತಿದ್ದರೆ ನಾನು ಹೊರಗೆ ಜಾತ್ರೆಗೆ ಬಂದವನ ಹಾಗೆ ಇದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ. ಆದರೂ ಆ ಮರದ ಕೆಳಗೆ ತಿಂದ ಮುದ್ದೆ, ಹುರುಳಿ ಸಾರಿನ ರುಚಿ ಆಮೇಲೆ ಯಾವ ಊಟದಲ್ಲೂ ಸಿಗಲಿಲ್ಲ, ಇದನ್ನು ಗಿರಿಜನ ಎದುರಿಗೆ ಹೇಳುವ ಧೈರ್ಯವೂ ನನಗಿಲ್ಲ.

ಆ ಹನ್ನೆರಡು ದಿನದಲ್ಲಿ ಒಂದು ಕೆಟ್ಟ ದಿನವೂ ಇತ್ತು. ಆಪರೇಷನ್ ಆದ ದಿನ ಅಪ್ಪನಿಗೆ ಒಂದು ಹನಿ ನೀರೂ ಕೊಡಕೂಡದು ಅಂತ ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಅಪ್ಪ "ನೀರು, ನೀರು" ಅಂತ ಗೋಗರೆಯುತ್ತಿದ್ದ. ಅಕ್ಕ ಒದ್ದೆ ಬಟ್ಟೆಯಲ್ಲಿ ಅವನ ತುಟಿ ಒರೆಸುತ್ತಾ ಕುಂತಿದ್ದಳು. ಅವಳು ಬಟ್ಟೆ ಹಿಂಡಿಕೊಂಡು ಬರಲು ಎದ್ದು ಹೋದಾಗ ಅಪ್ಪ ನನ್ನ ಕಡೆ ನೋಡಿದ. ನಾನು ಚೊಂಬು ಎತ್ತಿ ಕುಡಿಸಿಬಿಟ್ಟೆ. ಗಟಗಟ ಕುಡಿದ. ಸ್ವಲ್ಪ ಹೊತ್ತಿಗೇ ವಾಂತಿ, ಹೊಲಿಗೆ ಎಳೆದು ಅಪ್ಪನ ಕೂಗಾಟ, ಡಾಕ್ಟರು ಓಡಿ ಬಂದರು. "ಯಾರು ನೀರು ಕೊಟ್ಟಿದ್ದು?" ಅಂತ ವಾರ್ಡೆಲ್ಲ ಅದುರುವ ಹಾಗೆ ಕೇಳಿದರು. ಚೊಂಬು ಇನ್ನೂ ನನ್ನ ಬೆನ್ನ ಹಿಂದೆಯೇ ಇತ್ತು. ಅಕ್ಕ ಅದನ್ನು ನೋಡಿದಳು, ನನ್ನನ್ನು ನೋಡಿದಳು, "ನಾನೇ ಕೊಟ್ಟೆ ಸಾ" ಅಂದಳು. ಅಷ್ಟು ಜನರ ಮುಂದೆ ಅವಳು ತಿಂದ ಬೈಗುಳ ನನಗೆ ಇನ್ನೂ ಕಿವಿಯಲ್ಲೈತೆ. ಅವ್ವ ಮೂರು ದಿನ ಅವಳನ್ನು ಮಾತಾಡಿಸಲಿಲ್ಲ. ಅಪ್ಪ ಹುಷಾರಾದ, ಆಮೇಲೆ ಇಪ್ಪತ್ತು ವರ್ಷ ಬದುಕಿದ. ನಾನು ಮಾತ್ರ ಬಾಯಿ ಬಿಡಲಿಲ್ಲ. ಅವತ್ತು ಬಿಡಲಿಲ್ಲ, ಅವ್ವ ಇರೋವರೆಗೂ ಬಿಡಲಿಲ್ಲ. ಅಕ್ಕನೂ ಆ ಮಾತು ಮತ್ತೆ ಎತ್ತಲಿಲ್ಲ.

ಇಂಥ ಅಕ್ಕ, ನಮ್ಮ ಗೌರಕ್ಕ, ಈಗ ಎಪ್ಪತ್ತು ದಾಟಿದ ಮೇಲೂ ಹೊಸದುರ್ಗದಿಂದ ಮೊದಲನೇ ಬಸ್ಸಿಗೆ ಬಂದು ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಮಗಿಂತ ಮುಂಚೆ ಕುಂತಿದ್ದಳು. ನನ್ನ ಸ್ಥಿತಿ ಆಗಲೇ ಚೆನ್ನಾಗಿರಲಿಲ್ಲ. ಹಿಂದಿನ ರಾತ್ರಿಯಿಂದ ಅನ್ನ ನೀರು ಬಂದ್. ಒಳಗೆ ಹೋದ ಕೂಡಲೇ ನರ್ಸು ನನ್ನ ಉಡಿದಾರ ಬಿಚ್ಚಿಸಿದಳು. ಹುಟ್ಟಿದಾಗಿನಿಂದ ನನ್ನ ಸೊಂಟದಲ್ಲಿ ಒಂದಲ್ಲ ಒಂದು ಉಡಿದಾರ ಇದ್ದೇ ಇತ್ತು. ಅದು ಹೋದ ಮೇಲೆ ಮೈಮೇಲೆ ಏನು ಹೊದ್ದರೂ ಬತ್ತಲೆ ಇದ್ದ ಹಾಗೇ ಅನ್ನಿಸಿತು. ಹೊದೆಯಲು ಕೊಟ್ಟದ್ದಾದರೂ ಏನು, ಮುಂದೆಲ್ಲ ಬಟ್ಟೆ, ಹಿಂದೆ ಬರೀ ಎರಡು ಲಾಡಿ ಇರುವ ಹಸಿರು ಅಂಗಿ. ಸಾವಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೆಜ್ಜೆ ಹಾಕಿಸಿದವನು ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ನಡೆದು ಮಂಚ ಸೇರಿದೆ.

ಗಿರಿಜ ಕಾಗದ ಪತ್ರಕ್ಕೆ ಸಹಿ ಹಾಕಲು ಕೆಳಗೆ ಹೋದಳು. ಅಕ್ಕ ಅದನ್ನೇ ಕಾಯುತ್ತಿದ್ದವಳ ಹಾಗೆ ಬಾಗಿಲ ಕಡೆ ಒಂದು ಸಾರಿ ನೋಡಿ, ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಬಾಳೆಹಣ್ಣು ತೆಗೆದಳು.

"ಲೇ ಮಲ್ಲಿ, ಬಾಯಿ ತೆಗಿ."

"ಅಕ್ಕ, ಏನೂ ತಿನ್ನಬಾರ್ದಂತೆ."

"ತಿನ್ನಬಾರ್ದು ಅಂದ್ರೆ ಇಡ್ಲಿ ಗಿಡ್ಲಿ. ಇದು ಪ್ರಸಾದ ಕಣೋ. ನಿನ್ನೆ ಹಾಲುರಾಮೇಶ್ವರಕ್ಕೆ ಹೋಗಿದ್ದೆ."

ಹಾಲುರಾಮೇಶ್ವರದಲ್ಲಿ ಗುಡಿಯ ಮುಂದೆ ಒಂದು ಸಣ್ಣ ಕೊಳ ಐತೆ. ಪೂಜೆ ಮಾಡಿಸಿ, ಮನಸ್ಸಿನಲ್ಲಿ ಬೇಡಿಕೊಂಡು ಅದರ ಮುಂದೆ ಕುಂತರೆ ಗಂಗಮ್ಮ ನೀರಿನಿಂದ ಏನಾದರೂ ಮೇಲಕ್ಕೆ ಕಳಿಸುತ್ತಾಳೆ ಅಂತ ನಮ್ಮ ಕಡೆ ನಂಬಿಕೆ. ಒಬ್ಬರಿಗೆ ಹೂವು, ಒಬ್ಬರಿಗೆ ಬಳೆ, ಒಬ್ಬರಿಗೆ ಹಣ್ಣು. ಕೆಲವರಿಗೆ ಎಷ್ಟು ಹೊತ್ತು ಕುಂತರೂ ಏನೂ ಇಲ್ಲ. ಅಕ್ಕ ಮಂಡಿನೋವು ಇಟ್ಟುಕೊಂಡು ಕಲ್ಲಿನ ಮೇಲೆ ಎರಡು ತಾಸು ಕುಂತಿದ್ದಾಳೆ. ಕೊನೆಗೆ ಈ ಬಾಳೆಹಣ್ಣು ತೇಲಿ ಬಂದಿದೆ. "ಬರಲಿಲ್ಲ ಅಂದಿದ್ರೆ ನಿನ್ನ ಒಳಗೆ ಕಳಿಸ್ತಿರ್ಲಿಲ್ಲ ನಾನು" ಅಂದಳು. ಎಪ್ಪತ್ತು ದಾಟಿದ ಅಕ್ಕ ಅರವತ್ತು ದಾಟಿದ ತಮ್ಮನಿಗೋಸ್ಕರ ಹೆದರಿದ್ದಳು. ಈಗ ನೀವೇ ಹೇಳಿ, ಇಂಥ ಹಣ್ಣನ್ನು ಬೇಡ ಅನ್ನಲು ಆಗುತ್ತಾ?

ಇಷ್ಟು ಹೇಳಿ ನಾನು ಭಕ್ತಿಯಿಂದಲೇ ತಿಂದೆ ಅಂತ ನಿಲ್ಲಿಸಬಹುದಿತ್ತು. ಭಕ್ತಿ ಇತ್ತು, ಅದರ ಬೆನ್ನಿಗೆ ಹಸಿವೂ ಇತ್ತು. ಜೊತೆಗೆ ನಮ್ಮ ಮನೆಯಲ್ಲಿ ಪ್ರಸಾದವನ್ನು ಯಾವತ್ತೂ ಊಟದ ಲೆಕ್ಕಕ್ಕೆ ಹಿಡಿದವರೇ ಇಲ್ಲ. ಶಿವರಾತ್ರಿಯ ದಿನ ಕೋಸಂಬರಿ, ಪಾನಕ, ರಸಾಯನ, ಕಡಲೆಕಾಳಿನ ಗುಗ್ಗರಿ ಎಲ್ಲ ಪ್ರಸಾದ ಅಂತ ತಗೊಂಡು ತೇಗಿ, ಆಮೇಲೆ ಸಂಕಟದ ಮುಖ ಮಾಡಿ "ಉಪವಾಸ" ಅನ್ನುವ ವಂಶ ನಮ್ಮದು. ಎರಡೇ ತುತ್ತಿಗೆ ಹಣ್ಣು ಮುಗಿಯಿತು.

ನನ್ನನ್ನು ತಳ್ಳುಗಾಡಿಯ ಮೇಲೆ ಮಲಗಿಸಿ ಕರೆದೊಯ್ದಾಗ ಥಿಯೇಟರಿನ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರು ನಿಂತಿದ್ದರು. ನನ್ನ ಶಿಷ್ಯೆಯಾಗಬಹುದಾದ ವಯಸ್ಸಿನ ಹೆಣ್ಣುಮಗಳು. "ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ, ಕುಡಿದ್ರಾ?" ಅಂದರು. "ಏನೂ ಇಲ್ಲಮ್ಮ" ಅಂದೆ, ಮನಃಪೂರ್ವಕವಾಗಿ. ಅಷ್ಟರಲ್ಲಿ ಒಂದು ತೇಗು ಬಂತು. ನಮ್ಮ ವಂಶದ ತೇಗು, ಸಣ್ಣದಲ್ಲ. ಆಕೆ ಬಗ್ಗಿ ನನ್ನ ಮುಖ ನೋಡಿದರು. "ಬಾಳೆಹಣ್ಣಾ?"

"ಪ್ರಸಾದ" ಅಂದೆ.

ಆಕೆ ಕೂಗಾಡಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ಮೇಷ್ಟ್ರೇ, ಹೊಟ್ಟೆಯಲ್ಲಿರೋದು ಮೇಲಕ್ಕೆ ಬಂದು ಉಸಿರಿನ ದಾರಿಗೆ ಹೋದ್ರೆ ಪ್ರಾಣಕ್ಕೇ ಬರುತ್ತೆ. ಅದಕ್ಕೇ ತಾನೆ ಅಷ್ಟು ಸಾರಿ ಹೇಳೋದು? ಯಾರು ಕೊಟ್ಟಿದ್ದು ಇದನ್ನ?" ಅಂದರು. ಅಕ್ಕ ಗೋಡೆ ಪಕ್ಕದಲ್ಲೇ ನಿಂತಿದ್ದಳು. ಪ್ರಾಣ ಅನ್ನುವ ಮಾತು ಕೇಳಿ ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಬಾಯಿ ತೆರೆಯುವುದರಲ್ಲಿದ್ದಳು. ನನಗೆ ಬೇವಿನ ಮರ, ಚೊಂಬು, ಆ ವಾರ್ಡು ಎಲ್ಲ ಒಂದೇ ಸಾರಿ ಕಣ್ಣಿಗೆ ಬಂತು.

"ಯಾರೂ ಕೊಡಲಿಲ್ಲ. ಹಸಿವು ತಡೀಲಿಲ್ಲ. ಅಕ್ಕನ ಚೀಲದಿಂದ ನಾನೇ ಕದ್ದು ತಿಂದೆ, ಅವಳಿಗೆ ಗೊತ್ತೇ ಇಲ್ಲ" ಅಂದೆ.

ಮಲಗಿದ್ದಲ್ಲೇ ನನ್ನ ಎದೆ ಉಬ್ಬಿತು. ಐವತ್ತು ಚಿಲ್ಲರೆ ವರ್ಷ ತಡವಾಗಿಯಾದರೂ ಹೇಳಿದೆನಲ್ಲ. ಡಾಕ್ಟರು ನನಗೆ ಚೆನ್ನಾಗಿ ಛೀಮಾರಿ ಹಾಕಿ, ಆಪರೇಷನ್ನು ಎರಡು ದಿನ ಮುಂದಕ್ಕೆ ಹಾಕಿದರು. ಅಕ್ಕನ ಚೀಲದಿಂದ ಬಾಳೆಹಣ್ಣು ಕದ್ದ ಮುದುಕನನ್ನು ನೋಡಲು ನರ್ಸುಗಳು ಒಬ್ಬೊಬ್ಬರೇ ಬಾಗಿಲಲ್ಲಿ ಇಣುಕಿ ಹೋದರು. "ರೀ, ಒಂದು ಹೊತ್ತು ಬಾಯಿ ಕಟ್ಟೋಕೆ ಆಗ್ಲಿಲ್ವಾ ನಿಮಗೆ?" ಅಂದಳು ಗಿರಿಜ. ಮನೆ ತಲುಪುವವರೆಗೆ ಅದೊಂದೇ ಮಾತು. ನಾನು ಹುತಾತ್ಮನ ಹಾಗೆ ಆಟೋದ ಹೊರಗೆ ಕೋಟೆ ನೋಡುತ್ತಾ ಕುಂತೆ.

ಎರಡನೇ ಸಾರಿ ಗಿರಿಜ ನನ್ನ ಮಂಚ ಬಿಟ್ಟು ಕದಲಲಿಲ್ಲ. ಅಕ್ಕ ದೂರ ಬೆಂಚಿನ ಮೇಲೆ ಕುಂತಿದ್ದಳು, ನನಗಿಲ್ಲದ್ದು ತನಗ್ಯಾಕೆ ಅಂತ ಅವಳೂ ನೀರು ಮುಟ್ಟಿರಲಿಲ್ಲ. ಆಪರೇಷನ್ ಬಗ್ಗೆ ಹೇಳಲು ಏನೂ ಇಲ್ಲ. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗೆ ನನ್ನದು ಅನ್ನುವುದು ಏನೂ ಇರಲಿಲ್ಲ. ಪರದೆಯ ಆಚೆ ಇಬ್ಬರು ಡಾಕ್ಟರು ಯಾವ ಹೋಟೆಲಿನ ಮಸಾಲೆ ದೋಸೆ ಗರಿಗರಿ ಅಂತ ಚರ್ಚೆ ಮಾಡುತ್ತಿದ್ದರು, ಅದೂ ಹಸಿದವನ ಹೊಟ್ಟೆಯ ಮುಂದೆ. ಸಂಜೆ ಆಗುವಷ್ಟರಲ್ಲಿ ಮನೆಯಲ್ಲಿದ್ದೆ.

ಮನೆಗೆ ಬಂದ ಮೇಲೆ ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು, ನಗಬಾರದು ಅಂತ ಒಂದು ಚೀಟಿ. ಕೆಮ್ಮು ಬಂದರೆ ದಿಂಬು ಒತ್ತಿ ಹಿಡಿಯಬೇಕು. ಹಗಲೆಲ್ಲ ಜಗುಲಿಯ ಕುರ್ಚಿಯಲ್ಲಿ ದಿಂಬು ಅಪ್ಪಿಕೊಂಡು ಕುಂತಿರುತ್ತಿದ್ದೆ. ಬ್ರೆಡ್ಡು, ಎಳನೀರು ಹಿಡಿದು ಬಂದವರಿಗೆ ನನ್ನನ್ನು ನೋಡಿ ಮೋಸ ಹೋದ ಹಾಗೆ ಆಗುತ್ತಿತ್ತು. "ಏನ್ ಮೇಷ್ಟ್ರೇ, ಆಪರೇಷನ್ ಅಂದ್ರು, ಕುಂತೀರಲ್ಲ?" ಅನ್ನುತ್ತಿದ್ದರು. ಅವರು ತಂದ ಬ್ರೆಡ್ಡಿಗಾದರೂ ನ್ಯಾಯ ಸಲ್ಲಿಸಬೇಕಲ್ಲ ಅಂತ ನಾನು ಬಾಳೆಹಣ್ಣಿನ ಕತೆ ಹೇಳುತ್ತಿದ್ದೆ. ಅಕ್ಕ ಒಳಗೆ ಅಡಿಗೆಮನೆಯಲ್ಲಿರುವಾಗ, ದನಿ ತಗ್ಗಿಸಿ, ಅವಳ ಮರ್ಯಾದೆ ಉಳಿಸಲು ನಾನು ಕಳ್ಳನಾದದ್ದನ್ನು ವಿವರವಾಗಿ. ದಿನಕ್ಕೆ ಎರಡು ಸಾರಿಯಾದರೂ ಹೇಳಿರಬೇಕು. ನಡುವೆ ಒಂದು ದಿನ ಅಂಗಳದ ದಾಸವಾಳದ ಬುಡದಲ್ಲಿ ಕರ್ರಗೆ ಒಣಗಿದ ಬಾಳೆಹಣ್ಣಿನ ಸಿಪ್ಪೆ ಕಂಡು, "ಕಸ ಎಲ್ಲೆಂದರಲ್ಲಿ ಯಾರು ಎಸೀತಾರೆ?" ಅಂತ ರೇಗಿದೆ.

ಎಂಟನೇ ದಿನ ಅಕ್ಕ ಊರಿಗೆ ಹೊರಟಳು. ಆಟೋ ಬಂದು ಗೇಟಿನ ಹತ್ತಿರ ನಿಂತಿತ್ತು. ಗಿರಿಜ ಒಳಗೆ ಅವಳಿಗೆ ರೊಟ್ಟಿ ಕಟ್ಟುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅಕ್ಕ, ಅಪ್ಪಗೆ ನೀರು ಕುಡಿಸಿದ್ದು ನಾನು. ಬೈಸ್ಕೊಂಡಿದ್ದು ನೀನು. ಇಷ್ಟು ವರ್ಷ ಅದು ಎದೆಯಲ್ಲೇ ಇತ್ತು. ಮೊನ್ನೆ ಸ್ವಲ್ಪ ಹಗುರ ಆಯ್ತು ನೋಡು" ಅಂದೆ.

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಅಯ್ಯೋ ನಮ್ಮಪ್ಪ, ಆ ಡಾಕ್ಟ್ರಮ್ಮ ನಿನ್ನ ಮಾತು ನಂಬಿದ್ರೆ ತಾನೆ? ನೀನು ಒಳಗೆ ಬಟ್ಟೆ ಹಾಕ್ಕಳ್ತಿದ್ದಾಗ ಆ ಹುಡುಗಿ ಹೊರಗೆ ಬಂತು. ಪ್ರಸಾದದ ಸಿಪ್ಪೆ ತುಳಿಯೋ ಕಡೆ ಬಿಸಾಕಬಾರ್ದು ಅಂತ ನಾನು ಸೆರಗಿನ ತುದೀಗೆ ಗಂಟು ಹಾಕ್ಕಂಡಿದ್ದೆ. ಅದರ ಕಣ್ಣಿಗೆ ಬಿತ್ತು. ಕೇಳ್ತು. ನಾನೇ ಕೊಟ್ಟೆ ತಾಯಿ ಅಂದೆ."

"ಬೈದ್ರಾ?"

"ಬೈದೇ ಇರ್ತಾರಾ? ಚೆನ್ನಾಗೇ ಬೈತು. ಅವತ್ತಿನ ಡಾಕ್ಟ್ರಿಗಿಂತ ಈ ಹುಡುಗಿ ವಾಸಿ ಕಣೋ, ಕೊನೇಗೆ ಕುಂತ್ಕಳ್ರಿ ಅಜ್ಜಿ ಅಂತ ನೀರು ಕೊಡ್ತು. ಸಿಪ್ಪೆ ತಂದು ನಿನ್ನ ದಾಸವಾಳದ ಗಿಡಕ್ಕೆ ಹಾಕೀನಿ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಬಂದೋರಿಗೆಲ್ಲ ಅಷ್ಟು ಚೆಂದ ಹೇಳ್ತಿದ್ದೆ. ನಡುವೆ ಯಾಕೆ ಬಾಯಿ ಹಾಕಾಣ ಅಂತ ಸುಮ್ನಿದ್ದೆ." ನನ್ನ ತಲೆ ಸವರಿ, ಗಿರಿಜ ತಂದ ರೊಟ್ಟಿ ಗಂಟು ಇಸಕೊಂಡು, ಮಂಡಿ ಹಿಡಿದು ಆಟೋ ಹತ್ತಿದಳು.

ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ನಾನು ದಿಂಬು ಅಪ್ಪಿಕೊಂಡು ನಿಂತಿದ್ದೆ. ನಗಬಾರದು, ಕೆಮ್ಮಬಾರದು ಅಂತ ಚೀಟಿಯಲ್ಲಿ ಬರೆದಿದ್ದರು. ಅಳಬಾರದು ಅಂತ ಬರೆದಿರಲಿಲ್ಲ. ಗಿರಿಜ ನನ್ನ ಮುಖ ನೋಡಿ, "ಹೊಲಿಗೆ ನೋಯ್ತಾ ಐತೇನ್ರಿ?" ಅಂದಳು. ಹೂಂ ಅಂದೆ. ಅವಳು ಮತ್ತೇನೂ ಕೇಳದೆ, ನನ್ನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದಳು. ಈ ಸುಳ್ಳನ್ನಾದರೂ ಒಬ್ಬರು ನಂಬಿದರು ಅಂತ ಅಂದುಕೊಂಡಿದ್ದೇನೆ.