ಅಮ್ಮನ ತವರೂರು ಎಂಬ ಗುಟ್ಟು

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬುದು ನನ್ನ ಹೆಂಡತಿಯ ಬಹುಕಾಲದ ದೂರು. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಗುಟ್ಟೆಂಬುದೇ ಇಲ್ಲದಿರುವಾಗ ನಿಲ್ಲಿಸಿಕೊಳ್ಳುವುದು ಏನನ್ನು? ಮದ್ದೂರಿನಲ್ಲಿ ಬಸ್ಸು ಹತ್ತಿ ಸೀಟು ಹಿಡಿದರೆ ಸಾಕು, ಕಂಡಕ್ಟರು ಟಿಕೆಟ್ ಕೊಡುವಷ್ಟರಲ್ಲಿ ಪಕ್ಕದವರು ನಮ್ಮ ಊರು, ಮನೆದೇವರು, ತಾಯಿಯ ತವರು, ಮಕ್ಕಳೆಷ್ಟು ಎಂಬುದನ್ನೆಲ್ಲ ಕೇಳಿ ಮುಗಿಸಿರುತ್ತಾರೆ. ಹೇಳದಿದ್ದರೆ ‘ಏನ್ ಜಂಬ ನೋಡ್ಲಾ’ ಎಂಬ ಬಿರುದು ಬೇರೆ.

ಹೀಗೆ ನೆಮ್ಮದಿಯಾಗಿದ್ದ ನನ್ನ ಇಮೇಲ್ ವಿಳಾಸ ಒಂದು ದಿನ ಬೀದಿಪಾಲಾಯಿತು. ಎಂದೋ ಚಪ್ಪಲಿ ತರಿಸಿದ್ದ ಆನ್‌ಲೈನ್ ಅಂಗಡಿಯಿಂದ ಗಿರಾಕಿಗಳ ಪಟ್ಟಿಯನ್ನೇ ಯಾರೋ ಕದ್ದಿದ್ದರಂತೆ. ಚಪ್ಪಲಿ ಮೂರು ತಿಂಗಳಿಗೇ ಕಿತ್ತುಹೋಗಿತ್ತು, ವಿಳಾಸ ಮಾತ್ರ ಗಟ್ಟಿಯಾಗಿ ಉಳಿದಿತ್ತು. ನಾನು ಪಾಠ ಹೇಳುವ ಮದ್ದೂರಿನ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸುವ ಶೈಲಾ ಮೇಡಂ ವಿಚಾರಣೆಗೆ ಕುಳಿತರು. “ಪಾಸ್‌ವರ್ಡು ಮನೆದೇವರ ಹೆಸರು ತಾನೇ ಸಾರ್?” ನಾನು ಬೆಪ್ಪಾದೆ. “ಈ ಸ್ಟಾಫ್‌ರೂಮಿನಲ್ಲಿ ಎಲ್ಲರದ್ದೂ ಅದೇ. ಇವತ್ತೇ ಬದಲಾಯಿಸಿ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ. ಎಲ್ಲೂ ಬರೆದಿಡಬೇಡಿ. ಇನ್ನು ಪಾಸ್‌ವರ್ಡು ಮರೆತರೆ ಕೇಳುವ ಗುಟ್ಟಿನ ಪ್ರಶ್ನೆ, ತಾಯಿಯ ತವರೂರು. ಅದು ತಾಲ್ಲೂಕಿಗೇ ಗೊತ್ತು. ಅಲ್ಲೊಂದು ಸುಳ್ಳು ಹಾಕಿ.”

ಹೆತ್ತ ತಾಯಿಯ ವಿಷಯದಲ್ಲಿ ಸುಳ್ಳೇ! ನಮ್ಮಮ್ಮ ಕೊತ್ತತ್ತಿಯವರು. ಆದರೆ ಆಗ ಅವರು ಮಳವಳ್ಳಿಯ ನಮ್ಮ ಮನೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದರು. ಅವರನ್ನು ನೋಡಿಕೊಳ್ಳಲು ಮಳವಳ್ಳಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಆದೇಶ ಬರಬೇಕಾದದ್ದು ಇದೇ ಇಮೇಲಿಗೆ. ಕಳ್ಳ ನುಗ್ಗಿದರೆ ಎಲ್ಲವೂ ಹಾಳು. ಕುಂದಾಪುರ, ಕುಮಟಾ, ಕುಷ್ಟಗಿ ಎಂದು ಅಳೆದೂ ಸುರಿದೂ ಕೊನೆಗೆ ಒಂದನ್ನು ಹಾಕಿದೆ.

ಅವತ್ತು ಸಂಜೆ ಬಸ್ಸಿನಲ್ಲಿ ಪಕ್ಕ ಕುಳಿತವಳು ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಸೊಪ್ಪು ಮಾರುವ ನಿಂಗಮ್ಮ. ಭಾರತೀನಗರ ಬರುವ ಮೊದಲೇ ಶುರುಮಾಡಿದಳು. “ನಿಮ್ಮವ್ವೋರು ಯಾವೂರ್ನೋರು ಮೇಸ್ಟ್ರೇ?” ನಾನು ಬಲು ಜಾಣ. ನಿಜ ಬಿಟ್ಟುಕೊಡದೆ ಆ ಸುಳ್ಳೂರನ್ನೇ ಹೇಳಿದೆ. ಎಲ್ಲಿದೆಯೆಂದು ವಿವರಿಸಿದ ಮೇಲೆ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅಷ್ಟು ದೂರದಿಂದ ಎಣ್ಣು ತಂದ್ರಾ? ಯಾಕೆ, ನಿಮ್ಮಪ್ಪುಂಗೆ ಈ ಕಡೆ ಯಾರೂ ಎಣ್ಣು ಕೊಡ್ನಿಲ್ವಾ?” ನಮ್ಮಲ್ಲಿ ಒಂದೇ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಿಂದ ಹೆಣ್ಣು ತರುವುದು ರೂಢಿ. ಮಳವಳ್ಳಿಯವರೆಗೂ ಅವಳು ನಮ್ಮಪ್ಪನಿಗಾಗಿ ಮರುಗಿದಳು.

ಹದಿನೈದು ದಿನದ ಮೇಲೆ ಆಫೀಸಿನಿಂದ ಫೋನು. ವರ್ಗದ ಆದೇಶ ಇಮೇಲಿಗೆ ಬಂದಿದೆ, ಸಂಜೆ ಐದರೊಳಗೆ ಒಪ್ಪಿಗೆ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ. ಆಗಲೇ ನಾಲ್ಕಾಗಿತ್ತು. ಹೊಸ ಪಾಸ್‌ವರ್ಡು ಎಷ್ಟು ಗಟ್ಟಿಯಾಗಿತ್ತೆಂದರೆ ನನಗೂ ತೆರೆಯಲಿಲ್ಲ. ತಾಯಿಯ ತವರೂರು ಯಾವುದೆಂದು ಕೇಳಿತು. ಕೈ ತಾನಾಗಿಯೇ ಕೊತ್ತತ್ತಿ ಎಂದು ಬರೆಯಿತು. ತಪ್ಪು! ಕುಮಟಾ ಎಂದೆ. ತಪ್ಪು! ಇನ್ನೊಂದೇ ಅವಕಾಶ. ಅಮ್ಮನ ಮುಖ ಕಣ್ಣಮುಂದೆ ಬಂತು. ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ.

“ನಿಂಗಮ್ಮಾ, ನಮ್ಮಮ್ಮ ಯಾವೂರವರು?”

“ಅಯ್ಯೋ ಸಿವ್ನೇ! ಎತ್ತವ್ವನ ಊರೇ ಮರ್ತ್‌ಬುಟ್ರಾ?” ಅವಳ ಕೂಗಿಗೆ ಬಸ್ ಸ್ಟ್ಯಾಂಡೇ ಇತ್ತ ತಿರುಗಿತು. “ಕುಸ್ಟಗಿ ಕಣ್ ಮೇಸ್ಟ್ರೇ, ಕುಸ್ಟಗಿ! ಮಕ್ಳಿಗೆ ಅದೇನ್ ಪಾಟ ಏಳ್ಕೊಡ್ತೀರೋ!”

ಐದಕ್ಕೆ ಹತ್ತು ನಿಮಿಷವಿರುವಾಗ ಒಪ್ಪಿಗೆ ಕೊಟ್ಟೆ. ಈಗ ಮಳವಳ್ಳಿಯಲ್ಲೇ ಇದ್ದೇನೆ, ಮಧ್ಯಾಹ್ನ ಮನೆಗೆ ಹೋಗಿ ಅಮ್ಮನಿಗೆ ಊಟ ಬಡಿಸುತ್ತೇನೆ. ಬಸ್ ಸ್ಟ್ಯಾಂಡಿಗೆಲ್ಲ ಗುಟ್ಟು ಗೊತ್ತಾದ ಮೇಲೆ ಉತ್ತರವನ್ನು ಮತ್ತೆ ಬದಲಿಸಲೇಬೇಕೆಂದರು ಶೈಲಾ ಮೇಡಂ. ಬದಲಿಸಿದೆ. ಈ ಸಲ ಎಚ್ಚರ ತಪ್ಪಲಿಲ್ಲ. ಭಾನುವಾರವೇ ಮದ್ದೂರಿಗೆ ಹೋಗಿ, ಅಮ್ಮನ ಹೊಸ ತವರೂರನ್ನು ನಿಂಗಮ್ಮನ ಕಿವಿಗೆ ಹಾಕಿದೆ.

ಅವಳು ನನ್ನನ್ನೇ ನೋಡಿ, ದನಿ ತಗ್ಗಿಸಿ ಕೇಳಿದಳು: “ಅಂಗಾರೆ, ನಿಮ್ಮಪ್ಪುಂಗೆ ಇಬ್ರು ಎಂಡ್ರಾ?”

ಇಮೇಲಿನ ಭದ್ರತೆಯನ್ನು ನೆನೆದು ಹೌದೆಂದು ತಲೆಯಾಡಿಸಿದೆ.

“ಯಾರ್ಗೂ ಏಳಾಕಿಲ್ಲ ಬುಡಿ ಮೇಸ್ಟ್ರೇ,” ಎಂದಳು.