ತಲೆದೂಗುವ ಟೊಪ್ಪಿಗೆ

ಹೊರಗಿನಿಂದ ನೋಡಿದರೆ ಅದು ಸಾಧಾರಣವಾದ ಕರಿಯ ಟೊಪ್ಪಿಗೆ. ಅದರೊಳಗೆ ಕೇಳುವ ಕಿವಿ, ಎಣಿಸುವ ಮಿದುಳು, ಹಣೆಯನ್ನು ಮುಂದಕ್ಕೆ ನೂಕುವ ಸ್ಪ್ರಿಂಗು ಎಲ್ಲವನ್ನೂ ಕೂಡಿಸಿದ್ದೇನೆಂದು ನೆರೆಮನೆಯ ರಘೋತ್ತಮ ಹುಯಿಲಗೋಳ ನಮ್ಮ ಪಡಸಾಲೆಯಲ್ಲಿ ನಿಂತು ಸಾರಿದ. ಈ ಧಾರವಾಡದ ಕತೆಯ ಮೊದಲ ಭಾಗವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉಳಿದುದನ್ನು ತಬಲಾ ನುಡಿಸಿದ ಮಾರುತಿರಾಯರಿಂದಲೂ ಹುಡುಗಿಯ ಸೋದರತ್ತೆಯಿಂದಲೂ ಬೇರೆಬೇರೆಯಾಗಿ ಕೇಳಿ ಹೊಂದಿಸಿಕೊಂಡಿದ್ದೇನೆ. ಉಪ್ಪಿಟ್ಟಿನ ವಿಷಯವೊಂದನ್ನು ಬಿಟ್ಟರೆ ಇಬ್ಬರ ಹೇಳಿಕೆಗಳಲ್ಲಿ ಭೇದವಿಲ್ಲ.

ಹುಡುಗಿ ವತ್ಸಲಾ, ಗಾಯಕ ಗುಂಡೋಬುವಾ ಅವರ ಮಗಳು. ತಂದೆಯ ಹಿಂದೆ ಕುಳಿತು ಆಕೆ ತಂಬೂರಿ ಮೀಟುವುದನ್ನು ಕಂಡಂದಿನಿಂದ ರಘೋತ್ತಮನಿಗೆ ಬೇರೆ ಹೆಣ್ಣು ಬೇಡವಾಗಿತ್ತು. ಆದರೆ ಬುವಾ ಜಾತಕ ನೋಡುವವರಲ್ಲ, ವರನ ತಲೆಯನ್ನು ನೋಡುವವರು. ತಬಲಾದ ಹದಿನಾರು ಮಾತ್ರೆಗಳು ಮತ್ತೆ ಮತ್ತೆ ಸುತ್ತುತ್ತಿರುತ್ತವೆ. ಗಾಯಕ ಎಲ್ಲೆಲ್ಲೋ ವಿಹರಿಸಿ ಕೊನೆಗೆ ಮೊದಲನೆಯ ಮಾತ್ರೆಗೆ ಬಂದಿಳಿಯುತ್ತಾನೆ. ಅದೇ ಸಮ್. ಬಲ್ಲವರ ತಲೆ ಸರಿಯಾಗಿ ಆಗಲೇ ಬಾಗುತ್ತದೆ. ಹಿಂದಿನ ವರನೊಬ್ಬ ನಟ್ಟನಡುವೆ ತಲೆದೂಗಿ ಚಹವನ್ನೂ ಕುಡಿಯದೆ ಹಿಂದಿರುಗಿದ್ದ. ರಘೋತ್ತಮನಿಗಾದರೋ ನಲ್ಲಿ ತೊಟ್ಟಿಕ್ಕುವುದಕ್ಕೂ ತಬಲಾಕ್ಕೂ ಇರುವ ಅಂತರವೇ ತಿಳಿಯದು.

ಟೊಪ್ಪಿಗೆಯನ್ನು ಪರೀಕ್ಷಿಸಲೆಂದು ಒಂದು ಹಾಡಿನ ಧ್ವನಿಮುದ್ರಿಕೆ ಹಚ್ಚಿದೆವು. ಪ್ರತಿ ಸಮ್‌ಗೂ ಟೊಪ್ಪಿಗೆ ಅವನ ತಲೆಯನ್ನು ಬಾಗಿಸಿತು, ಕಣ್ಣು ಮುಚ್ಚಿಕೊಂಡಿದ್ದ ಅವನು ಮಹಾರಸಿಕನಂತೆಯೇ ಕಂಡ. ಅಷ್ಟರಲ್ಲಿ ಹಿತ್ತಲಲ್ಲಿ ನನ್ನ ಹೆಂಡತಿ ಚಾದರವನ್ನು ಕಲ್ಲಿಗೆ ಒಗೆಯತೊಡಗಿದಳು. ಟೊಪ್ಪಿಗೆ ಗಾಯಕನನ್ನು ಕೈಬಿಟ್ಟು ಚಾದರವನ್ನು ಹಿಂಬಾಲಿಸಿತು.

"ರಘೋತ್ತಮಾ, ನನ್ನ ಚಾದರಕ್ಕ ಇಷ್ಟ ಮರ್ಯಾದಿ ಬ್ಯಾಡೋ," ಎಂದಳು ಅವಳು.

"ಅದರ ಮನಸ್ಸು ಚಂಚಲ ಅದ, ವೈನಿ. ಹಿಡಿದದ್ದನ್ನ ಬಿಡಧಂಗ ಮಾಡತೀನಿ," ಎಂದು ಅವನು ಒಳಗಿನ ಸ್ಕ್ರೂ ಬಿಗಿದ.

ಅದರ ಬದಲು ಬೆರಳಿನಲ್ಲಿ ಎಣಿಸಲು ಕಲಿಯೆಂದು ನಾನು ಹೇಳಿ ನೋಡಿದೆ. ಕಲಿಯುವಷ್ಟರಲ್ಲಿ ವತ್ಸಲಾಳ ಮೊಮ್ಮಕ್ಕಳ ಮುಂಜಿಯಾಗಿರುತ್ತದೆ ಎಂದು ಹೊರಟುಹೋದ.

ಹೆಣ್ಣು ನೋಡುವ ದಿನ ರಘೋತ್ತಮ ಟೊಪ್ಪಿಗೆ ತೊಟ್ಟು ಬುವಾ ಅವರ ಮನೆಯ ಜಮಖಾನೆಯ ಮೇಲೆ ಕುಳಿತ. ಬುವಾ ವಿಲಂಬಿತ ಖ್ಯಾಲಿನಿಂದ, ಅಂದರೆ ತೀರ ನಿಧಾನದ ಹಾಡಿನಿಂದ, ಆರಂಭಿಸಿದರು. ಆ ಲಯದಲ್ಲಿ ಒಂದು ಸಮ್‌ನಿಂದ ಇನ್ನೊಂದರವರೆಗೆ ಕಾಯುವುದೆಂದರೆ ಕಟ್ಟಿಗೆ ಒಲೆಯ ಮೇಲೆ ಬೇಳೆ ಬೇಯುವುದನ್ನು ಕಾದಂತೆ. ಆದರೂ ಮೊದಲ ಸಮ್‌ಗೆ ತಲೆ ಬಾಗಿತು, ಎರಡನೆಯದಕ್ಕೂ ಬಾಗಿತು. ಇಂಥ ತಲೆಯನ್ನು ತಾವು ಕಂಡಿಲ್ಲವೆಂದು ಬುವಾ ಹಾಡಿನ ನಡುವೆಯೇ ತಂಗಿಗೆ ಉಪ್ಪಿಟ್ಟಿನ ಸನ್ನೆ ಮಾಡಿದರು.

ಆಗ ಹಿಂಗೋಡೆಯ ಆಚೆಗಿನ ಹಿಟ್ಟಿನ ಗಿರಣಿ ಶುರುವಾಯಿತು. ಅದರ ಬೆಲ್ಟಿನ ಹೊಲಿಗೆ ಚಕ್ರಕ್ಕೆ ತಾಗಿದಾಗಲೆಲ್ಲ ಟಪ್ ಎನ್ನುತ್ತಿತ್ತು. ಟೊಪ್ಪಿಗೆ ಅದನ್ನು ಹಿಡಿಯಿತು, ಬಿಗಿದ ಸ್ಕ್ರೂವಿನ ದೆಸೆಯಿಂದ ಮತ್ತೆ ಬಿಡಲಿಲ್ಲ. ಟಪ್ ಎಂದರೆ ತಲೆ, ಮತ್ತೆ ಟಪ್ ಎಂದರೆ ಮತ್ತೆ ತಲೆ! ಅಷ್ಟು ಧೈರ್ಯದಿಂದ ಬಾಗುವ ತಲೆ ತಪ್ಪಿರಲಾರದು, ತಪ್ಪಿರುವುದು ತಮ್ಮ ಕೈಯೇ ಎಂದು ಮಾರುತಿರಾಯರಿಗೆ ತೋರಿತು. ಅವರು ತಲೆಯ ಬೆನ್ನು ಹತ್ತಿದರು. ತಬಲಾವನ್ನು ಎಂದೂ ಅನುಮಾನಿಸದ ಬುವಾ ತಬಲಾದ ಬೆನ್ನು ಹತ್ತಿದರು. ಗಿರಣಿ ವೇಗ ಹಿಡಿದಂತೆ ಬುವಾ ಅವರ ತಾನ್‌ಗಳು, ಆ ಸ್ವರಗಳ ಸರಗಳು, ಮಳೆಗರೆದವು. ತಮ್ಮ ಗಂಟಲು ಇಪ್ಪತ್ತರ ಹರೆಯಕ್ಕೆ ಮರಳಿತೆಂದು ಬುವಾ ರೋಮಾಂಚಿತರಾದರು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಬೆಲ್ಟು ನಿಧಾನವಾಯಿತು. ತಲೆ ನಿಧಾನವಾಯಿತು, ತಬಲಾ ನಿಧಾನವಾಯಿತು, ತಾರಸ್ಥಾಯಿಯಲ್ಲಿದ್ದ ತಾನ್ ಬಿಸಿಲಿಗಿಟ್ಟ ಬೆಲ್ಲದಂತೆ ಕೆಳಗಿಳಿದು ಅಂಟಿಕೊಂಡಿತು. ರಘೋತ್ತಮನ ಗದ್ದ ಎದೆಗೆ ತಾಗಿತು. ಟೊಪ್ಪಿಗೆ ಜಾರಿ ಬಿದ್ದು ಅದರ ಕರುಳೆಲ್ಲ ಜಮಖಾನೆಯ ಮೇಲೆ ಹರಡಿತು. ಮನೆಯಲ್ಲಿ ತಪ್ಪದೆ ಉಳಿದದ್ದು ವತ್ಸಲಾಳ ತಂಬೂರಿಯೊಂದೇ.

ಇದೇನೆಂದು ಬುವಾ ಗುಡುಗಿದರು.

"ಬುವಾ, ನನಗ ಸಮ್ ತಿಳಿಯೂದಿಲ್ಲ," ಎಂದ ರಘೋತ್ತಮ. "ಇವರ ತಂಬೂರಿ ಅಷ್ಟ ತಿಳೀತದ."

ಬುವಾ ಬಾಗಿಲ ಕಡೆ ಕೈ ತೋರಿಸಿದರು. ವತ್ಸಲಾ ತಂತಿಯಿಂದ ಬೆರಳು ತೆಗೆಯದೆಯೇ ನುಡಿದಳು:

"ತಪ್ಪಿದ ತಲಿಗೆ ಮಗಳನ್ನ ಕೊಡೂದಿಲ್ಲ ಅಂತೀರಿ, ಅಪ್ಪಾ. ಇಷ್ಟೊತ್ತು ನೀವು ಯಾರ ಸಮ್‌ಗೆ ಹಾಡಿದ್ರಿ? ಗಿರಣಿದಲ್ಲೇನು? ಇವರರೆ ತಿಳಿಯೂದಿಲ್ಲಂತ ಒಪ್ಪಿಕೊಂಡ್ರು."

ಬುವಾ ತಬಲಾವನ್ನು ನೋಡಿದರು, ಮಾರುತಿರಾಯರು ಸೂರು ನೋಡಿದರು. ಕೊನೆಗೆ ಬುವಾ ಉಪ್ಪಿಟ್ಟು ತರಲು ಹೇಳಿದರು. ಅದು ಬಿಸಿಯಾಗಿತ್ತೆಂದು ಸೋದರತ್ತೆ, ಆರಿ ಕಲ್ಲಾಗಿತ್ತೆಂದು ಮಾರುತಿರಾಯರು.

ಮೊದಲ ತುತ್ತು ಎತ್ತುವಷ್ಟರಲ್ಲಿ ಕರೆಂಟ್ ಬಂದು ಗಿರಣಿ ತಿರುಗಿತು. ಟೊಪ್ಪಿಗೆ ನೆಲದ ಮೇಲೆಯೇ ಸತ್ತು ಬಿದ್ದಿತ್ತು, ಆದರೂ ರಘೋತ್ತಮನ ಬರಿಯ ತಲೆ ಟಪ್ ಟಪ್ ಬಾಗತೊಡಗಿತು. ಕುತ್ತಿಗೆ ಪಾಠವನ್ನು ಕಲಿತುಬಿಟ್ಟಿತ್ತು!

ಗಿರಣಿಯಿಲ್ಲದ ಓಣಿಯಲ್ಲಿ ಮನೆ ಹಿಡಿಯಬೇಕೆಂಬುದೊಂದೇ ಕರಾರಿನ ಮೇಲೆ ಬುವಾ ಮದುವೆ ಮಾಡಿಕೊಟ್ಟರು. ಹಾಗೆ ಹಿಡಿದ ಮನೆ ರೈಲು ಹಳಿಯ ಪಕ್ಕದಲ್ಲಿದೆ. ಗೂಡ್ಸ್ ಗಾಡಿ ದಾಟುವಷ್ಟು ಹೊತ್ತೂ ರಘೋತ್ತಮನ ತಲೆ ಹೌದು ಹೌದೆನ್ನುತ್ತಿರುತ್ತದೆ. ಸಂಸಾರದ ಮುಖ್ಯ ಮಾತುಗಳನ್ನೆಲ್ಲ ವತ್ಸಲಾ ಆ ವೇಳೆಗೇ ಎತ್ತುತ್ತಾಳೆಂದು ಕೇಳಿದ್ದೇನೆ.